ಕಿಡ್ನಿಯ ಮಾತು ಎತ್ತಿದಿರಿ, ಕೇಳಿ

ನ್ಯೂಜೆರ್ಸಿಯಿಂದ ಓದುಗರೊಬ್ಬರ ಪತ್ರ:

"ಅಮೆರಿಕದಲ್ಲಿ ಎಲ್ಲರ ಆಸ್ಪತ್ರೆ ಖರ್ಚನ್ನೂ ತೆರಿಗೆ ಹಣದಿಂದಲೇ ಭರಿಸಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು ಇಲ್ಲಿಗೆ ಬಂದು 14 ವರ್ಷ ಆಯಿತು. ದುಡಿಯುತ್ತೇನೆ, ತೆರಿಗೆ ಕಟ್ಟುತ್ತೇನೆ. ಕಂಪನಿ ಒಳ್ಳೆಯ ಇನ್ಶೂರೆನ್ಸ್ ಕೊಟ್ಟಿದೆ. ಕುಡಿಯುವುದಿಲ್ಲ, ದಿನಾ ವಾಕಿಂಗ್ ಮಾಡುತ್ತೇನೆ. ಕಂಡಕಂಡದ್ದು ತಿಂದು, ಕುಡಿದು ಕಿಡ್ನಿ ಹಾಳು ಮಾಡಿಕೊಂಡವನಿಗೆ ನನ್ನ ತೆರಿಗೆ ಯಾಕೆ ಹೋಗಬೇಕು? ಬಿಟ್ಟಿ ಕೊಡುವ ಚಾಳಿ ಇಲ್ಲಿಗೂ ಬರುವುದು ಬೇಡ. ದಯವಿಟ್ಟು ಉತ್ತರಿಸಿ. ಮೇ ತಿಂಗಳಲ್ಲಿ ತಂದೆ ತಾಯಿ ಇಲ್ಲಿಗೆ ಬರುತ್ತಿದ್ದಾರೆ. ಹಳೆಯ ಸಂಚಿಕೆಗಳನ್ನು ಅವರ ಕೈಲಿ ಕಳಿಸಿದರೆ ಉಪಕಾರ."

ಸಂಪಾದಕರ ಉತ್ತರ:

ಇಷ್ಟು ನೇರವಾಗಿ, ಇಷ್ಟು ಒಳ್ಳೆಯ ಕನ್ನಡದಲ್ಲಿ ಜಗಳ ತೆಗೆಯುವ ಓದುಗರು ಈಗ ಕಡಿಮೆ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೀವು ಹೃದಯ ಅಂದಿದ್ದರೆ, ಲಿವರ್ ಅಂದಿದ್ದರೆ ನನ್ನ ಉತ್ತರ ಬೇರೆ ಥರ ಇರುತ್ತಿತ್ತು. ನೀವು ಎತ್ತಿದ್ದು ಕಿಡ್ನಿಯ ಮಾತು. ಇನ್ನೊಬ್ಬರ ಕಿಡ್ನಿಗೆ ನೀವು 14 ವರ್ಷದಿಂದ ದುಡ್ಡು ಕೊಡುತ್ತಲೇ ಬಂದಿದ್ದೀರಿ. ನಿಮ್ಮ ಸಂಬಳದ ಚೀಟಿ ತೆಗೆದು ನೋಡಿ. ಮೆಡಿಕೇರ್ ಅಂತ ಒಂದು ಸಾಲು ಇರುತ್ತದೆ, ಅದು ಸರ್ಕಾರ ನಡೆಸುವ ಆರೋಗ್ಯ ವಿಮೆ. ಅಲ್ಲಿ ಶೇ. 1.45 ಹಿಡಿದುಕೊಂಡಿರುತ್ತಾರೆ. ಅಷ್ಟೇ ದುಡ್ಡನ್ನು ನಿಮ್ಮ ಕಂಪನಿಯೂ ಹಾಕುತ್ತದೆ. ಇದರ ಜೊತೆಗೆ ನಿಮ್ಮ ಆದಾಯ ತೆರಿಗೆಯ ಒಂದು ಪಾಲೂ ಸೇರಿ ಮೆಡಿಕೇರ್ ನಡೆಯುತ್ತದೆ. ಮೆಡಿಕೇರ್ 65 ದಾಟಿದವರಿಗೆ ಮಾತ್ರ ಅಂದುಕೊಂಡಿದ್ದೀರಾ? ಕಿಡ್ನಿ ಪೂರ್ತಿ ಕೈಕೊಟ್ಟರೆ 30 ವರ್ಷದವನಿಗೂ ಅದು ಸಿಗುತ್ತದೆ. ತಾನು ದುಡಿದು ಒಂದಷ್ಟು ಕಾಲ ಕಟ್ಟಿರಬೇಕು, ಇಲ್ಲವೇ ಗಂಡನೋ ಹೆಂಡತಿಯೋ ಅಪ್ಪ ಅಮ್ಮನೋ ಕಟ್ಟಿರಬೇಕು. ಹೀಗೆ ಡಯಾಲಿಸಿಸ್ ಮಾಡಿಸಿಕೊಳ್ಳುವ ಬಹುಪಾಲು ಜನರ ಖರ್ಚು ಸರ್ಕಾರದ್ದು.

ಈ ಒಂದೇ ಒಂದು ಅಂಗಕ್ಕೆ ಯಾಕೆ ಹೀಗಾಯಿತು? ಅದರ ಹಿಂದೆ ಒಂದು ಕಥೆ ಇದೆ. ನನ್ನ ಮನಸ್ಸಿನಿಂದ ಹೋಗದ ಕಥೆ ಅದು.

1960ಕ್ಕೆ ಮುಂಚೆಯೂ ಡಯಾಲಿಸಿಸ್ ಯಂತ್ರ ಇತ್ತು. ಆದರೆ ಕಿಡ್ನಿ ಪೂರ್ತಿ ಕೆಟ್ಟವರಿಗೆ ಅದರಿಂದ ಹೆಚ್ಚು ದಿನ ಉಪಯೋಗ ಆಗುತ್ತಿರಲಿಲ್ಲ. ಪ್ರತಿ ಸಲ ಹೊಸದಾಗಿ ರಕ್ತನಾಳ ಕುಯ್ದು ಕೊಳವೆ ಹಾಕಬೇಕು. ಕೆಲವು ಸಲ ಆದ ಮೇಲೆ ಕುಯ್ಯಲು ನಾಳವೇ ಉಳಿಯುತ್ತಿರಲಿಲ್ಲ. ಸಿಯಾಟಲ್‌ನ ಡಾಕ್ಟರ್ ಬೆಲ್ಡಿಂಗ್ ಸ್ಕ್ರಿಬ್ನರ್ ಇದಕ್ಕೆ ದಾರಿ ಹುಡುಕಿದರು. ಟೆಫ್ಲಾನಿನ ಒಂದು ಪುಟ್ಟ ಕೊಳವೆ. ನಮ್ಮ ದೋಸೆ ಕಾವಲಿಗೆ ಬಳಿದಿರುತ್ತಾರಲ್ಲ, ಅದೇ ಟೆಫ್ಲಾನ್. ಅದನ್ನು ತೋಳಿನಲ್ಲಿ ಕೂರಿಸಿ ಹಾಗೇ ಬಿಟ್ಟರು. ಬೇಕಾದಾಗ ಯಂತ್ರಕ್ಕೆ ಜೋಡಿಸುವುದು, ಆಮೇಲೆ ಮುಚ್ಚುವುದು. 1960ರ ಮಾರ್ಚ್‌ನಲ್ಲಿ ಅದನ್ನು ಮೊದಲು ಹಾಕಿಸಿಕೊಂಡವರು ಕ್ಲೈಡ್ ಶೀಲ್ಡ್ಸ್, ಬೋಯಿಂಗ್ ಕಾರ್ಖಾನೆಯ ಕೆಲಸಗಾರ. ಸಾವಿನ ಬಾಗಿಲಲ್ಲಿದ್ದವರು ಇನ್ನೂ 11 ವರ್ಷ ಬದುಕಿದರು.

ಆದರೆ ಹಾಸಿಗೆಗಳು ಬೆರಳೆಣಿಕೆಯಷ್ಟು. ಕಾಯುವವರು ಅದಕ್ಕಿಂತ ಎಷ್ಟೋ ಪಟ್ಟು. ಯಾರನ್ನು ಉಳಿಸುವುದು? ಅದಕ್ಕಾಗಿ ಸಿಯಾಟಲ್‌ನಲ್ಲಿ 7 ಜನರ ಒಂದು ಸಮಿತಿ ಮಾಡಿದರು. ಒಬ್ಬರು ವಕೀಲರು, ಒಬ್ಬರು ಪಾದ್ರಿ, ಒಬ್ಬರು ಬ್ಯಾಂಕಿನವರು, ಒಬ್ಬರು ಗೃಹಿಣಿ, ಒಬ್ಬರು ಸರ್ಕಾರಿ ಅಧಿಕಾರಿ, ಒಬ್ಬರು ಕಾರ್ಮಿಕ ಮುಖಂಡರು, ಒಬ್ಬರು ಸರ್ಜನ್. ಅವರ ಹೆಸರು ಹೊರಗೆ ಗೊತ್ತಿಲ್ಲ. ರೋಗಿಯ ಮುಖ ಅವರು ನೋಡುವುದಿಲ್ಲ. ಕಾಗದ ನೋಡುತ್ತಾರೆ. ಮದುವೆ ಆಗಿದೆಯಾ, ಮಕ್ಕಳೆಷ್ಟು, ಏನು ಓದಿದ್ದಾನೆ, ಏನು ಕೆಲಸ, ಆಸ್ತಿ ಎಷ್ಟಿದೆ, ಚರ್ಚಿಗೆ ಹೋಗುತ್ತಾನಾ. ಇದನ್ನೆಲ್ಲ ತೂಗಿ ನೋಡಿ, ಇವನು ಬದುಕಲಿ, ಅವನು ಬೇಡ ಎಂದು ತೀರ್ಮಾನ ಮಾಡುತ್ತಿದ್ದರು. 1962ರಲ್ಲಿ 'ಲೈಫ್' ಪತ್ರಿಕೆ ಈ ಸಮಿತಿಯ ವಿಷಯ ಬರೆದಾಗ ಇಡೀ ಅಮೆರಿಕ ಕಸಿವಿಸಿಪಟ್ಟಿತು. ಆ 7 ಜನ ಕೆಟ್ಟವರಲ್ಲ. ಅವರ ಮುಂದೆ ಇಟ್ಟ ಕೆಲಸವೇ ಯಾರೂ ಮಾಡಬಾರದ ಕೆಲಸ.

1971ರ ನವೆಂಬರಿನಲ್ಲಿ ಶೆಪ್ ಗ್ಲೇಜರ್ ಎಂಬ ರೋಗಿ ವಾಷಿಂಗ್ಟನ್ನಿಗೆ ಹೋದರು. ಸಂಸತ್ತಿನ ಸಮಿತಿಯ ಎದುರು, ಅದೇ ಕೋಣೆಯಲ್ಲಿ, ಡಯಾಲಿಸಿಸ್ ಯಂತ್ರಕ್ಕೆ ತೋಳು ಕೊಟ್ಟು ಕೂತರು. ಕೊಳವೆಯಲ್ಲಿ ಅವರ ರಕ್ತ ಹರಿಯುವುದನ್ನು ಸಂಸದರು ಕಣ್ಣಾರೆ ಕಂಡರು. ಮುಂದಿನ ವರ್ಷ, 1972ರ ಅಕ್ಟೋಬರ್ 30ರಂದು ಕಾನೂನಿಗೆ ಸಹಿ ಬಿತ್ತು. ಸಹಿ ಹಾಕಿದವರು ರಿಪಬ್ಲಿಕನ್ ಪಕ್ಷದ ನಿಕ್ಸನ್. 1973ರ ಜುಲೈಯಿಂದ ದುಡ್ಡು ಬರಲು ಶುರುವಾಯಿತು. ಸಿಯಾಟಲ್ ಥರದ ಸಮಿತಿ ಆಮೇಲೆ ಬೇಕಾಗಲಿಲ್ಲ. ಇವತ್ತು ಅಮೆರಿಕದಲ್ಲಿ 5 ಲಕ್ಷಕ್ಕೂ ಜಾಸ್ತಿ ಜನ ಡಯಾಲಿಸಿಸ್ ಮೇಲೆ ಬದುಕಿದ್ದಾರೆ. ನೀವು ಹೇಳುವ ಕುಡುಕರು ಅದರಲ್ಲಿ ಎಷ್ಟು ಮಂದಿ? ಕಿಡ್ನಿ ಕೆಡುವುದಕ್ಕೆ ಅಲ್ಲಿ ಎಲ್ಲಕ್ಕಿಂತ ದೊಡ್ಡ ಕಾರಣ ಸಕ್ಕರೆ ಕಾಯಿಲೆ. ಅದರ ಹಿಂದೆ ಬಿಪಿ. ಈ ಎರಡೂ ನಿಮ್ಮ ನಮ್ಮ ಮನೆಯಲ್ಲಿ ಯಾರಿಗಿಲ್ಲ ಹೇಳಿ.

ನಾನು ಹೇಳಬೇಕಾದ್ದು ಇಷ್ಟೇ. ಕಿಡ್ನಿಗೆ ಆ ಸಮಿತಿ ಹೋಯಿತು. ಮಿಕ್ಕ ಮೈಗೆಲ್ಲ ಅದು ಇನ್ನೂ ಕೂತೇ ಇದೆ. ಕ್ಯಾನ್ಸರ್ ಬಂದವನಿಗೆ ಇವತ್ತೂ ಅದೇ ಪ್ರಶ್ನೆಗಳು. ಏನು ಕೆಲಸ? ಯಾವ ಕಂಪನಿ? ವಯಸ್ಸು 65 ಆಯಿತಾ? ಯಾವ ರಾಜ್ಯ? ಟೆಕ್ಸಾಸ್‌ನಲ್ಲಿ ಮಕ್ಕಳಿಲ್ಲದ, ಅಂಗವೈಕಲ್ಯ ಇಲ್ಲದ ಬಡವ ಎಷ್ಟೇ ಬಡವನಾದರೂ ಅವನಿಗೆ ಮೆಡಿಕೇಡ್, ಅಂದರೆ ಬಡವರಿಗೆಂದೇ ಇರುವ ಸರ್ಕಾರಿ ವಿಮೆ, ಇಲ್ಲ. ಗಡಿ ದಾಟಿ ನ್ಯೂ ಮೆಕ್ಸಿಕೋದಲ್ಲಿ ನೆಲೆಸಿದರೆ ಇದೆ. ಕಾಯಿಲೆ ಅದೇ, ಮನುಷ್ಯ ಅವನೇ.

ನಿಮ್ಮ ಮಾತಿನಲ್ಲಿ ಹುರುಳೇ ಇಲ್ಲ ಅನ್ನಲಾರೆ. ಎಲ್ಲರಿಗೂ ಕೊಡಬೇಕೆಂದರೆ ತೆರಿಗೆ ಏರುತ್ತದೆ. ವರ್ಮಾಂಟ್ ರಾಜ್ಯ ಇದನ್ನು ಮಾಡಲು ಹೊರಟು, ಲೆಕ್ಕ ನೋಡಿ ಹೆದರಿ 2014ರಲ್ಲಿ ಕೈಬಿಟ್ಟಿತು. ಬ್ರಿಟನ್ನಿನಲ್ಲಿ ಚಿಕಿತ್ಸೆಗೆ ಕಾಯುವವರ ಪಟ್ಟಿ 70 ಲಕ್ಷ ದಾಟಿದ್ದೂ ನಿಜ. ಒಪ್ಪಿದೆ. ಆದರೆ ಈಗಿನ ಲೆಕ್ಕವನ್ನೂ ನೋಡಿ. 2023ರಲ್ಲಿ ಅಮೆರಿಕ ಆರೋಗ್ಯಕ್ಕೆ ಖರ್ಚು ಮಾಡಿದ್ದು ತಲೆಗೆ 14,570 ಡಾಲರ್. ಅದರಲ್ಲಿ ಸುಮಾರು ಅರ್ಧ ಈಗಾಗಲೇ ಸರ್ಕಾರಗಳ ದುಡ್ಡು, ಅಂದರೆ ನಿಮ್ಮ ತೆರಿಗೆ. ಪ್ರಪಂಚದಲ್ಲಿ ಇಷ್ಟು ಸುರಿಯುವ ದೊಡ್ಡ ದೇಶ ಬೇರೆ ಇಲ್ಲ. ಇಷ್ಟಾದರೂ ಆ ವರ್ಷ ಎರಡೂವರೆ ಕೋಟಿ ಜನರಿಗೆ ಇನ್ಶೂರೆನ್ಸೇ ಇರಲಿಲ್ಲ. ಎಲ್ಲರಿಗೂ ಕೊಡುವ ಕೆನಡಾದವರು ಅಮೆರಿಕದವರಿಗಿಂತ ಜಾಸ್ತಿ ವರ್ಷ ಬದುಕುತ್ತಾರೆ.

ಕೆನಡಾ ಅಂದಾಗ ಟಾಮಿ ಡಗ್ಲಾಸ್ ನೆನಪಾಗುತ್ತಾರೆ. ಚಿಕ್ಕ ಹುಡುಗನಿದ್ದಾಗ ಅವರ ಮೊಣಕಾಲಿನ ಮೂಳೆಗೆ ಕೀವು ತುಂಬಿತ್ತು. ಮನೆಯಲ್ಲಿ ದುಡ್ಡಿಲ್ಲ. ಕಾಲು ಕತ್ತರಿಸುವುದೇ ಸರಿ ಎಂದಿದ್ದರು. ವಿನ್ನಿಪೆಗ್‌ನ ಆಸ್ಪತ್ರೆಯಲ್ಲಿ ಒಬ್ಬ ಸರ್ಜನ್ ಆ ಹುಡುಗನನ್ನು ನೋಡಿ, ನನ್ನ ವಿದ್ಯಾರ್ಥಿಗಳು ನೋಡಿ ಕಲಿಯಲು ಬಿಟ್ಟರೆ ದುಡ್ಡಿಲ್ಲದೆ ಆಪರೇಷನ್ ಮಾಡುತ್ತೇನೆ ಎಂದರು. ಕಾಲು ಉಳಿಯಿತು. ಆ ಹುಡುಗ ಬೆಳೆದು ಸಸ್ಕಾಚುವಾನ್ ಪ್ರಾಂತ್ಯದ ಮುಖ್ಯಸ್ಥನಾದ. ಆ ಡಾಕ್ಟರು ಅವತ್ತು ಆ ವಾರ್ಡಿಗೆ ಬರದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಅವರನ್ನು ಬಿಡಲಿಲ್ಲ. ಎಲ್ಲರ ಚಿಕಿತ್ಸೆಯ ಖರ್ಚನ್ನೂ ಸರ್ಕಾರವೇ ಭರಿಸಲಿ ಎಂದು ಅವರು ಹಾಕಿದ ಯೋಜನೆ 1962ರ ಜುಲೈ 1ರಂದು ಜಾರಿಗೆ ಬಂತು. ಡಾಕ್ಟರುಗಳು 23 ದಿನ ಮುಷ್ಕರ ಹೂಡಿದರು. ಆದರೂ ಯೋಜನೆ ಗಟ್ಟಿಯಾಗಿ ಉಳಿಯಿತು, ಆಮೇಲೆ ದೇಶಕ್ಕೆಲ್ಲ ಹಬ್ಬಿತು. 2004ರಲ್ಲಿ ಅಲ್ಲಿನ ಟೀವಿಯೊಂದು ಕೆನಡಾದವರಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು ಎಂದು ಮತ ಕೇಳಿದಾಗ ಜನ ಆರಿಸಿದ್ದು ಈ ಡಗ್ಲಾಸ್‌ರನ್ನೇ.

ನಿಮ್ಮ ಕಂಪನಿಯ ಇನ್ಶೂರೆನ್ಸ್ ವಿಷಯಕ್ಕೆ ಬರುತ್ತೇನೆ. ಅದನ್ನು ನಿಮ್ಮ ಸ್ವಂತ ದುಡಿಮೆ ಅಂದುಕೊಂಡಿದ್ದೀರಿ. ಎರಡನೇ ಮಹಾಯುದ್ಧದ ಹೊತ್ತಿಗೆ, 1942ರಲ್ಲಿ, ಸಂಬಳ ಏರಿಸುವಂತಿಲ್ಲ ಎಂದು ಸರ್ಕಾರ ಕಟ್ಟು ಹಾಕಿತು. ಜನರನ್ನು ಕೆಲಸಕ್ಕೆ ಎಳೆಯಲು ಕಂಪನಿಗಳು ಸಂಬಳದ ಬದಲು ಇನ್ಶೂರೆನ್ಸ್ ಕೊಡತೊಡಗಿದವು. 1954ರ ಕಾನೂನು ಆ ದುಡ್ಡಿಗೆ ತೆರಿಗೆ ಇಲ್ಲ ಎಂದು ಖಚಿತ ಮಾಡಿತು. 2024ರಲ್ಲಿ ಒಂದು ಸಂಸಾರದ ಕಂಪನಿ ಇನ್ಶೂರೆನ್ಸಿಗೆ ಸರಾಸರಿ 25,572 ಡಾಲರ್. ಕೆಲಸಗಾರ ಕೈಯಿಂದ ಕೊಟ್ಟದ್ದು 6,296. ಮಿಕ್ಕಿದ್ದು ಕಂಪನಿ ಕಟ್ಟಿದ್ದು, ಅದಕ್ಕೆ ಆದಾಯ ತೆರಿಗೆ ಇಲ್ಲ. ಹಾಗೆ ಬಿಟ್ಟುಕೊಟ್ಟ ತೆರಿಗೆ ಯಾರದ್ದು? ಇನ್ಶೂರೆನ್ಸ್ ಇಲ್ಲದೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವವನೂ ಅದರ ಭಾರ ಹೊರುತ್ತಿದ್ದಾನೆ.

ಇದು ನನಗೆ ಬರೀ ಓದಿನ ವಿಷಯ ಅಲ್ಲ. 2019ರಲ್ಲಿ ಓಹಾಯೊದಲ್ಲಿರುವ ಅಕ್ಕನ ಮಗನ ಮನೆಗೆ ಹೋಗಿದ್ದೆ. ಅವನ 6 ವರ್ಷದ ಹುಡುಗ ಪಾರ್ಕಿನಲ್ಲಿ ಬಿದ್ದು ಮೊಣಕೈ ಮುರಿದುಕೊಂಡ. ಆಸ್ಪತ್ರೆಯಲ್ಲಿ ಚೆನ್ನಾಗಿಯೇ ನೋಡಿದರು, ಆ ಮಾತು ಹೇಳಲೇಬೇಕು. ಆಮೇಲೆ ಲಕೋಟೆಗಳು ಬರಲು ಶುರು. ಆಸ್ಪತ್ರೆಯದ್ದು ಒಂದು, ಡಾಕ್ಟರದ್ದು ಒಂದು, ಎಕ್ಸ್‌ರೇ ಓದಿದವರದ್ದು ಒಂದು, ಅರಿವಳಿಕೆ ಕೊಟ್ಟವರದ್ದು ಇನ್ನೊಂದು. ಆಸ್ಪತ್ರೆ ನೆಟ್‌ವರ್ಕಿನ (ಇನ್ಶೂರೆನ್ಸ್ ಕಂಪನಿ ಒಪ್ಪಿಕೊಂಡ ಪಟ್ಟಿಯ) ಒಳಗೆ, ಅವತ್ತು ನೋಡಿದ ಡಾಕ್ಟರು ಹೊರಗೆ. ಸೊಸೆ ಅವನ್ನೆಲ್ಲ ಖಾಲಿ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಟ್ಟಿದ್ದಳು. ರಾತ್ರಿ ಊಟ ಆದ ಮೇಲೆ ಮೇಜಿನ ಮೇಲೆ ಹರಡಿಕೊಂಡು ಕೂರುವಳು. ಒಂದು ಹಾಳೆ ಎತ್ತಿ ನೋಡಿದೆ. ಸಾವಿರಾರು ಡಾಲರಿನ ಮೊತ್ತ, ಅದರ ಮೇಲೆ ದಪ್ಪ ಅಕ್ಷರದಲ್ಲಿ "ಇದು ಬಿಲ್ ಅಲ್ಲ" ಎಂದು ಅಚ್ಚಾಗಿತ್ತು. ಹಾಗಾದರೆ ಏನಿದು ಅಂತ ಕೇಳಿದೆ. "ಗೊತ್ತಿಲ್ಲ ಮಾವ, ಬಿಲ್ ಆಮೇಲೆ ಬರುತ್ತೆ" ಅಂದಳು. ಇಬ್ಬರೂ ಎಂಜಿನಿಯರುಗಳು. ಹೀಗೆ ತುರ್ತಿನಲ್ಲಿ ಹೊರಗಿನ ಡಾಕ್ಟರ ಹೆಸರಲ್ಲಿ ಸುಲಿಯುವುದನ್ನು 2022ರಲ್ಲಿ ಒಂದು ಕಾನೂನು ನಿಲ್ಲಿಸಿತು. ರಸ್ತೆಯ ಮೇಲೆ ಓಡುವ ಆಂಬ್ಯುಲೆನ್ಸನ್ನು ಮಾತ್ರ ಅದೂ ಮುಟ್ಟಲಿಲ್ಲ.

2023ರಲ್ಲಿ ಅಕ್ಕನ ಮಗನ ಕೆಲಸ ಹೋಯಿತು. ಸೊಸೆ ಆಗ 7 ತಿಂಗಳ ಬಸುರಿ. ಎಚ್‌-1ಬಿ ವೀಸಾ, 60 ದಿನದಲ್ಲಿ ಬೇರೆ ಕೆಲಸ ಹಿಡಿಯಬೇಕು. ಹಳೆಯ ಇನ್ಶೂರೆನ್ಸನ್ನೇ ಉಳಿಸಿಕೊಳ್ಳಬೇಕೆಂದರೆ ಕಂಪನಿಯ ಪಾಲನ್ನೂ ತಾನೇ ಕಟ್ಟಬೇಕು, ತಿಂಗಳಿಗೆ 2,000 ಡಾಲರಿನ ಮೇಲೆ. ಸಂಬಳ ನಿಂತ ತಿಂಗಳೇ ಇದು. ಇಲ್ಲಿ ಶಿವಮೊಗ್ಗದಲ್ಲಿ ನನ್ನ ಅಕ್ಕ ಫೋನ್ ಹಿಡಿದುಕೊಂಡು ರಾತ್ರಿಯೆಲ್ಲ ದೇವರ ಮನೆ ಮುಂದೆ ಕೂತಿದ್ದಳು. ಹುಡುಗ ಕುಡಿಯುವವನಲ್ಲ. ಅವನೂ ದಿನಾ ವಾಕಿಂಗ್ ಹೋಗುವವನೇ.

ನಾನು 30 ವರ್ಷದಿಂದ ಬೇರೆಯವರ ವಾಕ್ಯ ತಿದ್ದುವ ಕೆಲಸ ಮಾಡುತ್ತಿದ್ದೇನೆ. ಹಳ್ಳಿಯ ರೈತನಿಗೂ ಅರ್ಥ ಆಗಬೇಕು ಎಂದು ಒಂದೊಂದು ಸಾಲಿಗೂ ಒದ್ದಾಡಿದ್ದೇನೆ. ಅದಕ್ಕೇ ಆ ಬಿಸ್ಕತ್ತಿನ ಡಬ್ಬಿಯ ಕಾಗದಗಳ ಮೇಲೆ ನನಗೆ ಇವತ್ತಿಗೂ ಸಿಟ್ಟು. ಡಿಡಕ್ಟಿಬಲ್, ಕೋಪೇ, ಕೋಇನ್ಶೂರೆನ್ಸ್. ನೋವಿನಲ್ಲಿರುವ ಮನುಷ್ಯನಿಗೆ ಅರ್ಥವಾಗದ ಭಾಷೆಯಲ್ಲಿ ಬರೆದು, ಅರ್ಥವಾಗಲಿಲ್ಲ ಎಂದು ಅವನಿಂದಲೇ ದಂಡ ವಸೂಲು ಮಾಡುವುದು ಅನ್ಯಾಯ. ನಮ್ಮ ಬ್ಯಾಂಕುಗಳೂ ಕಚೇರಿಗಳೂ ಇದೇ ದಾರಿ ಹಿಡಿದಿವೆ. ಎಲ್ಲಿ ಸಹಿ ಹಾಕಬೇಕು ಅನ್ನುವುದು ಬಿಟ್ಟು ಬೇರೇನೂ ತಿಳಿಯದ ಹಾಗೆ ಬರೆಯುತ್ತಾರೆ.

ಪದಗಳು ಸುಮ್ನೆ ಇರುವುದಿಲ್ಲ. 1945ರಲ್ಲಿ ಅಧ್ಯಕ್ಷ ಟ್ರೂಮನ್ ಎಲ್ಲರಿಗೂ ಆರೋಗ್ಯ ವಿಮೆ ಕೊಡಿ ಎಂದು ಸಂಸತ್ತನ್ನು ಕೇಳಿದರು. ಡಾಕ್ಟರುಗಳ ಸಂಘ ದುಡ್ಡು ಸುರಿದು, ಇದು ಸಮಾಜವಾದಿ ವೈದ್ಯಕೀಯ ಎಂದು ಊರೂರಲ್ಲಿ ಕೂಗಿಸಿತು. ಆ ಒಂದು ಪದಕ್ಕೆ ಯೋಜನೆ ಸತ್ತಿತು. 20 ವರ್ಷ ಕಳೆದ ಮೇಲೆ ಮುದುಕರಿಗಾದರೂ ಇರಲಿ ಎಂದು ಮೆಡಿಕೇರ್ ಬಂತು. 1965ರ ಜುಲೈ 30ರಂದು ಅಧ್ಯಕ್ಷ ಜಾನ್ಸನ್ ಟ್ರೂಮನ್‌ರ ಊರಿಗೇ ಹೋಗಿ, ಅವರ ಪಕ್ಕದಲ್ಲಿ ಕೂತು ಸಹಿ ಹಾಕಿದರು. ಟ್ರೂಮನ್‌ಗೆ ಆಗ 81.

ನೀವು ಬಳಸಿದ ಪದ 'ಬಿಟ್ಟಿ'. ಇದು ಹಳೆಯ ಪದ. ಮೊದಲು ಅದರ ಅರ್ಥ ಕೂಲಿ ಕೊಡದೆ ಮಾಡಿಸಿಕೊಳ್ಳುವ ಕೆಲಸ. ಬಿಟ್ಟಿ ಚಾಕರಿ ಅನ್ನುತ್ತೇವಲ್ಲ, ಅದು. ದುಡಿಸಿಕೊಂಡವನು ಉಳ್ಳವನು, ಕಳೆದುಕೊಂಡವನು ಬಡವ. ಅದೇ ಪದವನ್ನು ಈಗ ಬಡವನ ಕಡೆಗೇ ತಿರುಗಿಸಿ ಎಸೆಯುತ್ತಿದ್ದೇವೆ. ನ್ಯೂಜೆರ್ಸಿಯಲ್ಲಿ ಮುದುಕರ ಮೈ ತೊಳೆದು, ಮಗ್ಗುಲು ಬದಲಿಸಿ, ಊಟ ಮಾಡಿಸುವ ಹೆಂಗಸರನ್ನು ನೀವು ನೋಡಿರುತ್ತೀರಿ. ಅಂಥವರಲ್ಲಿ ಎಷ್ಟೋ ಮಂದಿಗೆ ತಮಗೇ ಇನ್ಶೂರೆನ್ಸ್ ಇಲ್ಲ. ಅವರಿಗೆ ಕೊಡುವುದು ಬಿಟ್ಟಿ ಆಗುತ್ತದಾ?

ನಿಮ್ಮ ಮನಸ್ಸು ಕಲ್ಲಲ್ಲ ಅನ್ನುವುದೂ ನನಗೆ ಗೊತ್ತು. ಕನ್ನಡದವರು ಯಾರಾದರೂ ಅಲ್ಲಿ ಹುಷಾರು ತಪ್ಪಿ ಆಸ್ಪತ್ರೆ ಸೇರಿದರೆ ವಾಟ್ಸಾಪಿನಲ್ಲಿ ಚಂದಾ ಎತ್ತುವ ಲಿಂಕ್ ಬರುತ್ತದೆ. ನಿಮಗೂ ಬಂದಿರುತ್ತದೆ, ನೀವೂ ಕೊಟ್ಟಿರುತ್ತೀರಿ. ಆಗ ಅವನು ಏನು ತಿಂದ, ವಾಕಿಂಗ್ ಹೋಗುತ್ತಿದ್ದನಾ ಅಂತ ಕೇಳಿದಿರಾ? ಇಲ್ಲ ಅಲ್ವಾ. ಆದರೆ ಅಲ್ಲೂ ನಾಲ್ಕು ಜನರ ಪರಿಚಯ ಇದ್ದವನಿಗೆ ದುಡ್ಡು ಕೂಡುತ್ತದೆ, ಇಲ್ಲದವನಿಗೆ ಇಲ್ಲ. ಸಿಯಾಟಲ್‌ನ ಆ ಕೋಣೆಗೂ ಇದಕ್ಕೂ ನನಗೆ ಹೆಚ್ಚು ದೂರ ಕಾಣುವುದಿಲ್ಲ.

ತಂದೆ ತಾಯಿ ಮೇ ತಿಂಗಳಲ್ಲಿ ಬರುತ್ತಾರೆ ಎಂದಿದ್ದೀರಿ. ಅವರಿಗೆ ವಿಸಿಟರ್ ಇನ್ಶೂರೆನ್ಸ್ ಮಾಡಿಸುವಾಗ ಮೊದಲೇ ಇದ್ದ ಕಾಯಿಲೆಯ ಬಗ್ಗೆ ಏನು ಬರೆದಿದೆ ಎಂದು ಒಂದೊಂದು ಸಾಲೂ ಓದಿ. ಬಿಪಿ, ಶುಗರ್ ಇರುವವರಿಗೆ ಹೆಚ್ಚಿನ ಪಾಲಿಸಿಗಳು ಅಲ್ಲೇ ಕೈ ಎತ್ತುತ್ತವೆ. ಮುಂದೆ ಗ್ರೀನ್ ಕಾರ್ಡ್ ಮಾಡಿಸಿ ಅವರನ್ನು ಅಲ್ಲೇ ಇಟ್ಟುಕೊಳ್ಳುವ ಯೋಚನೆ ಇದ್ದರೆ, ದುಡ್ಡು ಕಟ್ಟಿ ಮೆಡಿಕೇರ್ ಸೇರಲು ಕೂಡ 5 ವರ್ಷ ಕಾಯಬೇಕು.

ಹಳೆಯ ಸಂಚಿಕೆಗಳನ್ನು ಕಟ್ಟಿಟ್ಟಿದ್ದೇನೆ. ಕಚೇರಿಗೆ ಒಂದು ಫೋನ್ ಮಾಡಿ ಬರಲು ತಂದೆಯವರಿಗೆ ಹೇಳಿ. ಅಲ್ಲಿರುವಷ್ಟು ದಿನಕ್ಕೂ ಸಾಲುವಷ್ಟು ಮಾತ್ರೆಗಳನ್ನು ಡಾಕ್ಟರ ಚೀಟಿ ಸಮೇತ ಕೈಚೀಲದಲ್ಲೇ ಇಟ್ಟುಕೊಳ್ಳಲಿ. ಪೆಟ್ಟಿಗೆಯ ತೂಕ ಜಾಸ್ತಿ ಆದರೆ ಸಂಚಿಕೆಗಳನ್ನು ತೆಗೆದಿಡಲಿ, ನಾನು ಅಂಚೆಯಲ್ಲಿ ಕಳಿಸುತ್ತೇನೆ.