ಶೃಂಗದ ಅರ್ಧ ಧನ, ಅರ್ಧ ಋಣ: ಫೇಸ್ ದೋಷವಲ್ಲದಿರಬಹುದು

ಗ್ಯಾಲಿಯಂ ಆರ್ಸೆನೈಡ್ ಕ್ವಾಂಟಂ ಬಾವಿಯ (ಅತಿ ತೆಳು ಅರೆವಾಹಕ ಪದರದ) ದ್ವಿಆಯಾಮ ರೋಹಿತದಲ್ಲಿ, ಅಂದರೆ ಹೀರಿಕೆ ಒಂದು ಅಕ್ಷದಲ್ಲಿ, ಹೊರಸೂಸುವಿಕೆ ಇನ್ನೊಂದರಲ್ಲಿ ಇರುವ ನಕ್ಷೆಯಲ್ಲಿ, ವಾಸ್ತವ ಭಾಗದ ಶೃಂಗ ಅರ್ಧ ಧನ, ಅರ್ಧ ಋಣವಾಗಿ ಕಾಣುವುದಕ್ಕೆ ಎಕ್ಸಿಟಾನ್‌ಗಳ (ಎಲೆಕ್ಟ್ರಾನ್-ರಂಧ್ರ ಜೋಡಿಗಳ) ಪರಸ್ಪರ ಕ್ರಿಯೆಯೇ ಬಹುಶಃ ಕಾರಣ. ಲೇಸರ್ ಪವರ್ ಇಳಿಸಿದರೂ ಆಕಾರ ಬದಲಾಗಲಿಲ್ಲ, ಆದ್ದರಿಂದ ಇದು ಫೇಸ್ ದೋಷ (ಸಂಕೇತದ ಫೇಸ್ ತಪ್ಪಾಗಿ ನಿಗದಿಯಾದದ್ದು) ಎಂದು ನೀವು ತೀರ್ಮಾನಿಸಿದ್ದೀರಿ. ಆ ತರ್ಕ ನಿಲ್ಲುವುದಿಲ್ಲ. ಈ ಪರಸ್ಪರ ಕ್ರಿಯೆ ಮೂರನೇ ಕ್ರಮಾಂಕದ (ಮೂರು ಸ್ಪಂದಗಳ ಕ್ಷೇತ್ರಗಳ ಗುಣಲಬ್ಧಕ್ಕೆ ಅನುಗುಣವಾದ) ಸಂಕೇತದಲ್ಲೇ ಸೇರಿರುವುದರಿಂದ, ಪವರ್ ಇಳಿದಾಗ ಸಂಕೇತ ಕುಗ್ಗುತ್ತದೆ, ಆಕಾರ ಹಾಗೆಯೇ ಉಳಿಯಬಹುದು.

ಮೊದಲು ಅದೇ ಕಾಯುವ ಅವಧಿಯಲ್ಲಿ (ಎರಡನೇ ಮತ್ತು ಮೂರನೇ ಸ್ಪಂದಗಳ ನಡುವಿನ ಅಂತರದಲ್ಲಿ), ಅದೇ ಧ್ರುವೀಕರಣದಲ್ಲಿ ಪಂಪ್-ಪ್ರೋಬ್ ರೋಹಿತ ತೆಗೆಯಿರಿ, ಅಂದರೆ ಒಂದು ಸ್ಪಂದದಿಂದ ಪ್ರಚೋದಿಸಿ ಇನ್ನೊಂದರಿಂದ ಬದಲಾವಣೆ ಅಳೆಯಿರಿ. ವಾಸ್ತವ ಭಾಗವನ್ನು ಹೀರಿಕೆಯ ಅಕ್ಷದುದ್ದಕ್ಕೂ ಕೂಡಿಸಿ, ಅದರೊಂದಿಗೆ ಹೊಂದುವಂತೆ ಫೇಸ್ ಸರಿಪಡಿಸಿ. ಹೊಂದಿಸಿದ ಮೇಲೂ ಆಕಾರ ಹಾಗೆಯೇ ಇದ್ದರೆ ಅದು ಭೌತಿಕ ಪರಿಣಾಮ.

ಆಮೇಲೆ ಮೊದಲೆರಡು ಸ್ಪಂದಗಳ ರೇಖೀಯ ಧ್ರುವೀಕರಣವನ್ನು ಪರಸ್ಪರ ಲಂಬವಾಗಿಸಿ. ಆಗ ಎಕ್ಸಿಟಾನ್ ಸಾಂದ್ರತೆಯ ಏರಿಳಿತ ಮೂಡದೆ, ಪರಸ್ಪರ ಕ್ರಿಯೆಯ ಪರಿಣಾಮ ಬಹಳಷ್ಟು ಅಡಗುತ್ತದೆ. ಶೃಂಗ ಹೀರಿಕೆಯ ಆಕಾರಕ್ಕೆ (ಒಂದೇ ಚಿಹ್ನೆಯ ಶೃಂಗಕ್ಕೆ) ಮರಳಬೇಕು. ಪಕ್ಕದಲ್ಲಿ, ಹೊರಸೂಸುವಿಕೆಯ ಅಕ್ಷದಲ್ಲಿ ಕೆಲವು ಮಿಲಿ ಎಲೆಕ್ಟ್ರಾನ್ ವೋಲ್ಟ್‌ಗಳೊಳಗೆ, ಕಡಿಮೆ ಶಕ್ತಿಯ ಕಡೆಗೆ ಇನ್ನೊಂದು ಶೃಂಗ ಕಂಡರೆ ಗಾಬರಿಯಾಗಬೇಡಿ, ಅದು ಬೈಎಕ್ಸಿಟಾನ್ (ಎರಡು ಎಕ್ಸಿಟಾನ್ ಬಂಧಿತವಾದ ಸ್ಥಿತಿ). ಈ ಲಂಬ ಜೋಡಣೆಗೆ ಹಿಂದಿನ ಫೇಸ್ ಮೌಲ್ಯ ಹೊಂದುವುದಿಲ್ಲ, ಬೇರೆಯಾಗಿಯೇ ಅಳೆಯಿರಿ. ನಿಮ್ಮ ದತ್ತಾಂಶ ನೋಡದೆ ಖಚಿತವಾಗಿ ಹೇಳಲಾರೆ. ಆದರೆ ಲಂಬ ಜೋಡಣೆಯಲ್ಲೂ ತಿರುಚು ಉಳಿದರೆ, ಫೇಸ್ ಅಳತೆಯನ್ನೇ ಮತ್ತೆ ಪರಿಶೀಲಿಸಿ.