ಪುಚ್ಚೆ, ಪೂಚ್ಚ, ಬೆಕ್ಕು

ಕಾಸರಗೋಡಿನ ಕುಂಬಳೆಯ ಆಚೆಗಿನ ಹುಡುಗಿ. ವಯಸ್ಸು 22. ಕನ್ನಡ ಮಾಧ್ಯಮದಲ್ಲೇ ಓದಿ, ಈಗ ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿಯಾದ ಡಿ.ಎಲ್.ಎಡ್. ಎರಡನೇ ವರ್ಷದಲ್ಲಿದ್ದಾಳೆ. ಅವಳ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಬಂದದ್ದು ನಿದ್ದೆ ಬರುವುದಿಲ್ಲ ಎಂದು. ಮಾತಾಡುತ್ತಾ ಹೋದ ಹಾಗೆ ವಿಷಯ ಹೊರಬಂತು. 'ಶಿಕ್ಷಕಿಯಾಗಿ ನನ್ನ ನಿಲುವು' ಅಂತ ಎರಡು ಪುಟ ಬರೆದು ಕೊಡಬೇಕಿತ್ತು. ನಾಲ್ಕು ಸಲ ಬರೆದು ಹರಿದಿದ್ದಳು. ಕೊನೆಗೊಂದು ರಾತ್ರಿ, ಕೇಳಿದ್ದನ್ನು ಬರೆದುಕೊಡುವ ಚಾಟ್‌ಬಾಟ್ ಚಾಟ್‌ಜಿಪಿಟಿಯನ್ನು ಕೇಳಿದಳು. ನೋಡನೋಡುತ್ತಿದ್ದಂತೆ ಎರಡು ಪುಟ ಸಿದ್ಧ.

ಮೊಬೈಲನ್ನು ನನ್ನ ಕೈಗೆ ಕೊಟ್ಟಳು. ಸರ್ವಾಂಗೀಣ ವಿಕಾಸ, ಸಮಗ್ರ ಕಲಿಕೆ, ಪ್ರತಿ ಮಗುವೂ ಅರಳುವ ಹೂವು. ತಪ್ಪು ಒಂದೂ ಇಲ್ಲ. ಆದರೆ ಅದಕ್ಕೆ ಬೀದರಿನವರೂ ಸಹಿ ಹಾಕಬಹುದು, ದಿಲ್ಲಿಯವರೂ ಹಾಕಬಹುದು.

"ಇಷ್ಟು ಚೆಂದ ನನಗೆ ಬರೆಯಲಿಕ್ಕೆ ಬರುವುದಿಲ್ಲ ಮೇಡಂ. ನಮ್ಮ ಕನ್ನಡ ಅಷ್ಟೇ ಅಲ್ವಾ" ಅಂದಳು. ಕಣ್ಣು ತುಂಬಿತ್ತು.

ನಿದ್ದೆ ಕೆಡಿಸಿದ್ದು ಇದೇ. 1956ರಲ್ಲಿ ನಮ್ಮ ಕಾಸರಗೋಡು ಮಲಯಾಳಂ ನಾಡಾದ ಕೇರಳಕ್ಕೆ ಸೇರಿತು. 'ನಮ್ಮದು ಸರಿಯಾದ ಕನ್ನಡವಲ್ಲ' ಎನ್ನುವ ಅಳುಕು ಇಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ದಾಟಿ ಬರುವುದನ್ನು ನಾನು ಕಂಡಿದ್ದೇನೆ. ನನಗೆ ಸಂಕಟವಾಗುತ್ತದೆ. ಕಯ್ಯಾರ ಕಿಞ್ಞಣ್ಣ ರೈಗಳು ಇದೇ ಮಣ್ಣಿನಲ್ಲಿ ಶಾಲೆ ಮೇಷ್ಟ್ರಾಗಿದ್ದವರು, ಇಲ್ಲಿಯ ಕನ್ನಡದಲ್ಲೇ ಬೆಳೆದು ಕವಿಯಾದವರು ಎಂದು ನೆನಪಿಸಿದೆ. ಆಮೇಲೆ ಕೇಳಿದೆ, "ಬರವಣಿಗೆ ಬಿಡು. ಕ್ಲಾಸಿನಲ್ಲಿ ಮರೆಯಲಾಗದ್ದು ಏನಾದರೂ ಆಯಿತಾ?"

ಅವಳ ದನಿಯೇ ಬದಲಾಯಿತು. ಟೀಚಿಂಗ್ ಪ್ರಾಕ್ಟೀಸಿಗೆ ಹೋಗಿದ್ದಾಗ ಒಂದನೇ ಕ್ಲಾಸಿನಲ್ಲಿ ಬೆಕ್ಕಿನ ಚಿತ್ರ ತೋರಿಸಿದಳಂತೆ. ತುಳು ಮನೆಯ ಹುಡುಗಿ "ಪುಚ್ಚೆ" ಎಂದು ಕೂಗಿತು. ಎರಡು ವಾರದಿಂದ ಬಾಯಿ ಬಿಡದಿದ್ದ ಮಲಯಾಳಂ ಮನೆಯ ಹುಡುಗ ಮೆಲ್ಲಗೆ "ಪೂಚ್ಚ" ಅಂದ. ಇವಳು ಎರಡನ್ನೂ ಬೋರ್ಡಿನಲ್ಲಿ ಕನ್ನಡ ಅಕ್ಷರದಲ್ಲೇ ಬರೆದು, ಕೆಳಗೆ 'ಬೆಕ್ಕು' ಎಂದು ಬರೆದಳು. ಹುಡುಗ ಎದ್ದು ಬಂದು 'ಪೂ' ಮೇಲೆ ಬೆರಳಿಟ್ಟು ನಿಂತ. ಹೇಳುವಾಗ ಅವಳೂ ನನ್ನ ಮೇಜಿನ ಮೇಲೆ ಬೆರಳಿಟ್ಟಿದ್ದಳು.

"ನಿನ್ನ ನಿಲುವು ಇದೇ ಅಲ್ವಾ" ಅಂದೆ.

ಚಾಟ್‌ಬಾಟ್ ಬಿಟ್ಟುಬಿಡು ಎಂದು ನಾನು ಹೇಳಲಿಲ್ಲ. ಅದು ಓದಿಕೊಂಡ ರಾಶಿ ಬರಹದ ಆಧಾರದಲ್ಲಿ, ಮುಂದೆ ಯಾವ ಪದ ಬರುವ ಸಂಭವ ಜಾಸ್ತಿ ಎಂದು ಲೆಕ್ಕ ಹಾಕಿ ಪೋಣಿಸುತ್ತದೆ. ನಿನ್ನ ಬಗ್ಗೆ ನೀನು ಏನೂ ಹೇಳದಿದ್ದರೆ ಎಲ್ಲರ ಮಾತನ್ನೇ ನಿನಗೂ ಕೊಡುತ್ತದೆ ಎಂದು ವಿವರಿಸಿದೆ. ಮೊದಲು ಇಂಥ ಮೂರು ಘಟನೆಗಳನ್ನು ನೋಟ್‌ಬುಕ್ಕಿನಲ್ಲಿ, ಮನೆಯಲ್ಲಿ ಮಾತಾಡುವ ಕನ್ನಡದಲ್ಲೇ ಬರಿ. ಆಮೇಲೆ ಅದಕ್ಕೆ ತೋರಿಸು. ಮಕ್ಕಳ ಹೆಸರು, ಶಾಲೆಯ ಹೆಸರು ಬೇಡವೇ ಬೇಡ. 'ನನಗಾಗಿ ಏನೂ ಬರೆಯಬೇಡ, ಒಂದೊಂದೇ ಪ್ರಶ್ನೆ ಕೇಳು' ಅನ್ನು. ಯಾವುದಾದರೂ ಚಿಂತಕರ ಹೆಸರು ಕೊಟ್ಟರೆ ನಿನ್ನ ಪಠ್ಯಪುಸ್ತಕದಲ್ಲಿ ಹುಡುಕಿ ನೋಡು, ಅದು ಇಲ್ಲದ ಪುಸ್ತಕವನ್ನೂ ಇದೆ ಎಂದು ಧೈರ್ಯವಾಗಿ ಹೇಳಿಬಿಡುತ್ತದೆ. ಹೇಗೆ ಬಳಸಿದೆ ಎಂದು ನಿನ್ನ ಗೈಡ್ ಟೀಚರಿಗೆ ಮುಚ್ಚುಮರೆ ಇಲ್ಲದೆ ಹೇಳು.

ಎರಡು ವಾರ ಬಿಟ್ಟು ಬಂದಳು. ಚಾಟ್‌ಬಾಟ್ ಕೇಳಿದ ಒಂದು ಪ್ರಶ್ನೆ ಅವಳನ್ನು ಅರ್ಧ ಗಂಟೆ ಕೂರಿಸಿತ್ತಂತೆ: ಆ ಹುಡುಗ ಪೂಚ್ಚದಲ್ಲೇ ನಿಂತು, ಬೆಕ್ಕು ಎನ್ನಲು ಕಲಿಯದಿದ್ದರೆ ಏನು ಮಾಡುತ್ತೀರಿ? ಅವಳ ಉತ್ತರ ನೋಟ್‌ಬುಕ್ಕಿನಲ್ಲಿತ್ತು. "ಕಾಯುತ್ತೇನೆ. ಆದರೆ ಸುಮ್ನೆ ಕಾಯುವುದಿಲ್ಲ. ತುಳು ಹುಡುಗಿಯನ್ನು ಅವನ ಪಕ್ಕ ಕೂರಿಸುತ್ತೇನೆ. ಅವಳೂ ಮನೆಯಿಂದ ಬೇರೆ ಮಾತು ತಂದವಳೇ." ಒಬ್ಬನೇ ಮಾಡಲಾಗದ್ದನ್ನು ಮಗು ಇನ್ನೊಬ್ಬರ ಆಸರೆಯಿಂದ ಮಾಡುತ್ತದೆ ಎಂದ ಮನಶ್ಶಾಸ್ತ್ರಜ್ಞ ವೈಗಾಟ್ಸ್‌ಕಿಯ ಪಾಠ ಅವಳ ಪುಸ್ತಕದಲ್ಲೇ ಇತ್ತು. ಪರೀಕ್ಷೆಗೆಂದು ಉರು ಹೊಡೆದದ್ದು ಈಗ ಅರ್ಥವಾಯಿತು ಅಂದಳು.

ಕೊಟ್ಟದ್ದು ಒಂದೂವರೆ ಪುಟ. ಕೊನೆಯಲ್ಲಿ ಚಾಟ್‌ಬಾಟ್ ಬಳಸಿದ ಬಗೆಯನ್ನು ಎರಡು ಸಾಲಿನಲ್ಲಿ ಬರೆದಿದ್ದಾಳೆ. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಮುಂದಿನ ಶನಿವಾರ ಮತ್ತೆ ಬರುತ್ತಾಳೆ.