ಬಳ್ಳಿಗಾವಿಯಲ್ಲಿ ಮಠ ಎಲ್ಲಿದೆ?

(ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ: ನಿಮ್ಮ ಪ್ರವಾಸ ಲೇಖನವನ್ನು ನಂಬಿ ಕುಟುಂಬ ಸಮೇತ ಬಳ್ಳಿಗಾವಿಯ ಕೋಡಿಯ ಮಠ ನೋಡಲು ಹೋದೆವು. ಕೇದಾರೇಶ್ವರ ದೇವಸ್ಥಾನವಿತ್ತು, ಮಠವಿರಲಿಲ್ಲ. ಅಲ್ಲಿ ಬೌದ್ಧ ದರ್ಶನ ಕಲಿಸುತ್ತಿದ್ದರು, ರೋಗಿಗಳಿಗೆ ಔಷಧಿ ಕೊಡುತ್ತಿದ್ದರು ಎಂಬುದೆಲ್ಲ ಲೇಖಕರ ಒಗ್ಗರಣೆಯೇ? ಮತ್ತೆ ಹೋದರೆ ಊಟಕ್ಕೇನು ವ್ಯವಸ್ಥೆ?)

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ಸಹಜ. ಮಠವೆಂದ ಮೇಲೆ ಮಹಾದ್ವಾರ, ಗದ್ದುಗೆ, ಪಾದಪೂಜೆಗೆ ರಸೀದಿ ಹರಿಯುವ ಕೌಂಟರ್ ಇರಲೇಬೇಕೆಂದು ನಾವೆಲ್ಲ ರೂಢಿ ಮಾಡಿಕೊಂಡಿದ್ದೇವೆ. ಬಳ್ಳಿಗಾವಿಯ ಮಠದಲ್ಲಿ ಕಾಳಾಮುಖರೆಂಬ ಶೈವ ಪಂಥದ ಯತಿಗಳು ವಾಸವಿದ್ದ ಕಟ್ಟಡವೇ ಇಂದು ಉಳಿದಿಲ್ಲ. ಉಳಿದದ್ದು ದೇವಸ್ಥಾನ ಮತ್ತು ಶಾಸನ. (ಭವಿಷ್ಯವಾಣಿಗೆ ಹೆಸರಾದ ಕೋಡಿಮಠ ಅರಸೀಕೆರೆ ಕಡೆಯ ಹಾರನಹಳ್ಳಿಯದು. ಎರಡನ್ನೂ ಒಂದೇ ಎಂದುಕೊಂಡು ಬಂದ ಪತ್ರಗಳೂ ನಮ್ಮ ಮೇಜಿನ ಮೇಲಿವೆ.)

ಒಗ್ಗರಣೆಯ ವಿಚಾರಕ್ಕೆ ಬರೋಣ. 1162ರಲ್ಲಿ ಕಳಚುರಿ ಬಿಜ್ಜಳ ದಕ್ಷಿಣದ ನಾಡುಗಳನ್ನು ಹತೋಟಿಗೆ ತರಲು ಬಂದು ಬಳ್ಳಿಗಾವಿಯಲ್ಲಿ ಬೀಡುಬಿಟ್ಟಿದ್ದ. ಆಗ ಮಠಕ್ಕೆ ಕೊಟ್ಟ ದತ್ತಿಯ ಶಾಸನವೇ ಈ ಮಾತುಗಳ ಮೂಲ. ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳು, ನಾಲ್ಕು ವೇದ, ಹದಿನೆಂಟು ಪುರಾಣ, ಕಾವ್ಯ, ನಾಟಕ ಎಂದು ಅದು ಅಲ್ಲಿನ ಪಾಠಗಳನ್ನು ಹೆಸರಿಸುತ್ತದೆ. ನ್ಯಾಯ, ವೈಶೇಷಿಕ, ಸಾಂಖ್ಯಗಳ ಜೊತೆಗೇ ಬೌದ್ಧ ದರ್ಶನವೂ ಬರುತ್ತದೆ. ಮುಂದಿನದು ಊಟದ ಪಂಕ್ತಿ: ದೀನರು, ಅನಾಥರು, ಹೆಳವರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ಕುಣಿಯುವವರು, ಕ್ಷಪಣಕರು ಎಂದರೆ ದಿಗಂಬರ ಜೈನ ಸನ್ಯಾಸಿಗಳು, ಒಂದು ಕೋಲು ಹಿಡಿದ ಏಕದಂಡಿ, ಮೂರು ಕೋಲು ಹಿಡಿದ ತ್ರಿದಂಡಿ ಸನ್ಯಾಸಿಗಳು. ಕೊನೆಗೆ, ದಿಕ್ಕಿಲ್ಲದ ರೋಗಿಗಳಿಗೆ ಔಷಧಿ ಸಿಗುವ ಜಾಗ, ಸಕಲ ಜೀವಿಗಳಿಗೂ ಅಭಯ ಸಿಗುವ ಜಾಗ ಎಂಬ ಮಾತು.

ಇದು ಹೊಗಳಿಕೆಯ ಬರಹ, ದತ್ತಿ ಪಡೆದವರ ಕಡೆಯವರದೇ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ದಿನಕ್ಕೆ ಎಷ್ಟು ಎಲೆ ಹಾಕುತ್ತಿದ್ದರು, ಎಷ್ಟು ಜನ ಗುಣವಾದರು ಎಂಬ ಲೆಕ್ಕ ಅದರಲ್ಲಿಲ್ಲ. ಆದರೆ ಶಿವಮಠವೊಂದನ್ನು ಹೊಗಳಲು ಕೂತವನು ಬೌದ್ಧರ ವಿದ್ಯೆಯನ್ನೂ ಜೈನ ಸನ್ಯಾಸಿಯ ಊಟವನ್ನೂ ಏಕೆ ಹೊಗಳಿಕೆಯೊಳಗೆ ಸೇರಿಸಿದ? ಆ ಊರಿನಲ್ಲಿ ಅದೂ ಹೆಚ್ಚುಗಾರಿಕೆಯ ಸಂಗತಿಯಾಗಿದ್ದಿರಬೇಕು. ಅದಕ್ಕೂ ಮೊದಲು, 1065ರ ಸುಮಾರಿಗೆ, ಚಾಲುಕ್ಯರ ಮಂತ್ರಿ ರೂಪಭಟ್ಟಯ್ಯ ಇದೇ ಊರಿನಲ್ಲಿ ಬೌದ್ಧ ವಿಹಾರ ಕಟ್ಟಿಸಿದ್ದ. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಐವರಿಗೂ ಮಠಗಳಿದ್ದ ಊರು ಅದು. ಕೇದಾರೇಶ್ವರದ ಮೂರು ಗರ್ಭಗುಡಿಗಳಲ್ಲಿ ಉತ್ತರದ್ದನ್ನು ಗಮನಿಸಿದಿರಾ? ಅಲ್ಲಿರುವುದು ಲಿಂಗವಲ್ಲ, ಜನಾರ್ದನ.

ಆದ್ದರಿಂದ ಇನ್ನೊಮ್ಮೆ ಹೋಗಿ, ಈ ಸಲ ಶಾಸನದ ಪಾಠವನ್ನು ಜೊತೆಗಿಟ್ಟುಕೊಳ್ಳಿ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಗ್ರಹ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿಕಾರಿಪುರದ 102ನೆಯ ಶಾಸನ ಅದು. ದೊಡ್ಡ ಗ್ರಂಥಾಲಯಗಳಲ್ಲಿ ವಿಚಾರಿಸಿ. ಮಕ್ಕಳಿಗೆ ಬೇಸರವಾದರೆ ತ್ರಿಪುರಾಂತಕೇಶ್ವರ ಗುಡಿಯಲ್ಲಿ ಪಂಚತಂತ್ರದ ಕಥೆಗಳ ಕೆತ್ತನೆ ಹುಡುಕಲು ಬಿಡಿ. ಹತ್ತಿರದ ತಾಳಗುಂದದ ಕದಂಬ ಸ್ತಂಭವನ್ನೂ ಬಿಡಬೇಡಿ.

ಊಟದ ವಿಚಾರ: ಶಾಸನದ ಪಟ್ಟಿಯಲ್ಲಿ ಪ್ರವಾಸಿಗರೂ ಎಲ್ಲಾದರೂ ಸೇರಿಕೊಳ್ಳುತ್ತಿದ್ದರೇನೋ, ಈಗ ಆ ಪಂಕ್ತಿಯಿಲ್ಲ. ಶಿರಾಳಕೊಪ್ಪದಲ್ಲೇ ಊಟ ಮುಗಿಸಿಕೊಂಡು ಹೊರಡಿ.